ಪೆನ್‌ಡ್ರೈವ್‌ನಲ್ಲಿದ್ದ ಕಮಾಂಡ್ ಮೆನುವಿಗೆ ಬಂದ ಕಥೆ

(ಬೆಳಗಾವಿಯಲ್ಲಿ ಒಂದು ಭಾನುವಾರ, ಡಿಪ್ಲೊಮಾ ಓದುತ್ತಿರುವವರು ಮತ್ತು ಡ್ರಾಫ್ಟಿಂಗ್ ಕೆಲಸದಲ್ಲಿರುವವರ ಮುಂದೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಕೆಲವು ಕಡೆ ಕತ್ತರಿಸಿದ್ದೇನೆ, ಮಾತಾಡುವಾಗ ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಬೋರ್ಡಿನ ಮೇಲೆ ಬರೆದಿದ್ದ ಕೋಡನ್ನು ಇಲ್ಲಿ ಓದಿ ಹೇಳಿದ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ.)

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ಆಮೇಲೆ ತೆಗೆಯೋಣ, ಮೊದಲು ಇದನ್ನು ನೋಡಿ. ಎರಡು ಸ್ಟೀಲ್ ಸ್ಕೇಲ್. ಎರಡರ ಮೇಲೂ 300 ಅಂತಲೇ ಇದೆ. ಮುಂದಿನ ಸಾಲಿನವರು ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು, ಸೊನ್ನೆಗೆ ಸೊನ್ನೆ ಹೊಂದಿಸಿ. ಹಾಂ, ಕಂಡಿತಲ್ವಾ? ಒಂದರ 300ರ ಗೆರೆ ಇನ್ನೊಂದರದಕ್ಕಿಂತ 3 ಮಿಲಿಮೀಟರ್ ಆಚೆ ನಿಂತಿದೆ. ಇದು ಮಾರ್ಕಿಂಗ್ ತಪ್ಪಲ್ಲ, ಬೇಕಂತಲೇ ಮಾಡಿದ್ದು.

ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಕರಗಿದ ಬೀಡು ಕಬ್ಬಿಣ ಅಚ್ಚಿನೊಳಗೆ ಆರುತ್ತಾ ಕುಗ್ಗುತ್ತದೆ. 100 ಮಿಲಿಮೀಟರಿಗೆ ಹೆಚ್ಚುಕಮ್ಮಿ 1 ಮಿಲಿಮೀಟರ್. ಉಕ್ಕು ಇನ್ನೂ ಜಾಸ್ತಿ, ಸುಮಾರು 2. ಅಲ್ಯೂಮಿನಿಯಂ ಸುಮಾರು 1.3. ಹಾಗಾಗಿ ಅಚ್ಚು ಮಾಡುವ ಪ್ಯಾಟರ್ನ್, ಅಂದರೆ ಮರದ ಮಾದರಿ, ಅಷ್ಟು ದೊಡ್ಡದಾಗಿಯೇ ಇರಬೇಕು. 600 ಮಿಲಿಮೀಟರಿನ ಬೀಡಿನ ಕಾಸ್ಟಿಂಗ್, ಅಂದರೆ ಎರಕ, ಬೇಕಂದರೆ ಪ್ಯಾಟರ್ನ್ 606. ಇನ್ನು ಪ್ಯಾಟರ್ನ್ ಮಾಡುವ ಮನುಷ್ಯ ದಿನಕ್ಕೆ ನೂರು ಅಳತೆ ತೆಗೆಯುತ್ತಾನೆ. ಪ್ರತಿಯೊಂದಕ್ಕೂ ಕ್ಯಾಲ್ಕುಲೇಟರ್ ಹಿಡಿದು ಕೂತರೆ ಕೆಲಸ ಆಗುತ್ತದಾ? ಅದಕ್ಕೇ ಯಾರೋ ಪುಣ್ಯಾತ್ಮರು ಯಾವುದೋ ಕಾಲದಲ್ಲಿ ಸ್ಕೇಲನ್ನೇ ಉದ್ದ ಮಾಡಿಬಿಟ್ಟರು. ಇದು ಕಾಂಟ್ರಾಕ್ಷನ್ ಸ್ಕೇಲ್. ಡ್ರಾಯಿಂಗಿನಲ್ಲಿ 600 ಇದ್ದರೆ ಇದರಲ್ಲಿ 600 ಅಳೆದು ಗುರುತು ಹಾಕಿ, ಮರದ ಮೇಲೆ ತಾನಾಗೇ 606 ಬರುತ್ತದೆ. ಲೆಕ್ಕ ಸ್ಕೇಲಿನೊಳಗೇ ಕೂತಿದೆ. ಹಿಡಿದವನಿಗೆ ಲೆಕ್ಕ ಬರದಿದ್ದರೂ ನಡೆಯುತ್ತದೆ.

ಇವತ್ತು ನಾನು ಹೇಳುವುದು ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರಿನ ಮೆನುವಿಗೆ ನಮ್ಮದೇ ಕಮಾಂಡ್ ಸೇರಿಸುವುದರ ಬಗ್ಗೆ. ಆದರೆ ತಲೆಯಲ್ಲಿ ಈ ಸ್ಕೇಲ್ ಇರಲಿ. ಅದು ನಡೆಯುವುದಕ್ಕೆ ಎರಡು ಕಾರಣ ಇದೆ. ಒಂದು, ಲೆಕ್ಕ ಅದರೊಳಗಿದೆ. ಇನ್ನೊಂದು, ಅದು ಬೆಂಚಿನ ಮೇಲೇ ಬಿದ್ದಿರುತ್ತದೆ, ಯಾರ ಜೇಬಿನಲ್ಲೂ ಇರುವುದಿಲ್ಲ. ನಾವು ಸ್ಕ್ರಿಪ್ಟ್ ಬರೆಯುವವರು ಮೊದಲನೆಯದನ್ನು ಮಾಡಿ ಖುಷಿಯಾಗಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ.

ನಾನೂ ಅದನ್ನೇ ಮಾಡಿದ್ದೆ. ಆಟೊಕ್ಯಾಡ್ ಅನ್ನುವ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಲಿಸ್ಪ್ ಪ್ರೋಗ್ರಾಂ ಬರೆದಿದ್ದೆ. ಲಿಸ್ಪ್ ಅಂದರೆ ಹೆದರಬೇಡಿ, 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ ಭಾಷೆ, ನಿಮ್ಮ ಅಪ್ಪಂದಿರಿಗಿಂತ ಹಳೆಯದು. ಆಟೊಕ್ಯಾಡ್ ಬಂದಿದ್ದು 1982ರ ಕೊನೆಗೆ, ಅದರೊಳಗೆ ಲಿಸ್ಪ್ ಬಂದಿದ್ದು 1986ರಲ್ಲಿ. ಅವತ್ತಿನಿಂದ ಇವತ್ತಿನವರೆಗೂ ನಡೆಯುತ್ತಾ ಇದೆ. ಬ್ರಿಕ್ಸ್‌ಕ್ಯಾಡ್‌ನಂಥ ಬೇರೆ ಸಾಫ್ಟ್‌ವೇರ್‌ಗಳೂ ಇದನ್ನು ಓದುತ್ತವೆ. ಬ್ರಾಕೆಟ್ ತುಂಬಾ ಜಾಸ್ತಿ ಇರುತ್ತದೆ ಅನ್ನುವುದೊಂದೇ ದೂರು. ಅದಕ್ಕೂ ಒಂದು ವಾರದಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ನನ್ನ ಲಿಸ್ಪ್ ಮಾಡುತ್ತಿದ್ದುದು ಇಷ್ಟೇ, ಡ್ರಾಯಿಂಗಿನಲ್ಲಿ ಇರುವುದೆಲ್ಲವನ್ನೂ ಹಿಡಿದು 1.01ರಷ್ಟು ಸ್ಕೇಲ್ ಮಾಡುವುದು. ಆಗ ನಮ್ಮ ಫೌಂಡ್ರಿಯ ಪ್ಯಾಟರ್ನ್‌ಗಳಲ್ಲಿ ಅರ್ಧ, ಫೈಲ್ ಓದಿ ಮರ ಕತ್ತರಿಸುವ ರೌಟರ್ ಮಷಿನ್ ಮೇಲೆ ಕಟ್ ಆಗಿ ಬರುತ್ತಿದ್ದವು. ಮಷಿನಿಗೆ ಕಾಂಟ್ರಾಕ್ಷನ್ ಸ್ಕೇಲ್ ಕೊಡಲು ಆಗುವುದಿಲ್ಲ, ಫೈಲಿನಲ್ಲೇ ಶ್ರಿಂಕೇಜ್, ಅಂದರೆ ಲೋಹ ಕುಗ್ಗುವಷ್ಟು ಅಳತೆ, ಸೇರಿಸಿ ಕೊಡಬೇಕು. ಹೆಸರು ಏನಿಡುವುದು ಅಂತ ಯೋಚಿಸಿ, ಕುಗ್ಗು ಅನ್ನುವುದಕ್ಕೆ ಚುಟುಕಾಗಿ ಕೆ, ಜಿ ಅಂತ ಇಟ್ಟೆ. ಎರಡೇ ಅಕ್ಷರ, ಟೈಪ್ ಮಾಡಲು ಸುಲಭ. ಫೈಲ್ ನನ್ನ ಪೆನ್‌ಡ್ರೈವ್‌ನಲ್ಲಿ. ಬೇಕಾದಾಗ ಆ್ಯಪ್‌ಲೋಡ್ ಅಂತ ಹೊಡೆದು ಲೋಡ್ ಮಾಡುವುದು, ಕೆಜಿ ಅಂತ ಹೊಡೆಯುವುದು. ಒಂದು ವರ್ಷ ಹಾಗೇ ನಡೆಯಿತು.

ರಜೆ ಹಾಕಿದಾಗ ಗೊತ್ತಾಯಿತು. ತಂಗಿ ಮದುವೆಗೆ ಅಂತ ಬಾಗಲಕೋಟೆಗೆ ಹೋಗಿದ್ದೆ. ಅರಿಶಿನ ಹಚ್ಚುವ ಹೊತ್ತಿಗೆ ಆಫೀಸಿನ ಹುಡುಗನ ಫೋನ್. "ಅಕ್ಕಾರ, ಆ ನಿಮ್ಮ ಕಮಾಂಡ್ ಯಾವುದ್ರಿ? ಪೆನ್‌ಡ್ರೈವ್ ಎಲ್ಲಿ ಇಟ್ಟೀರಿ?" ಪೆನ್‌ಡ್ರೈವ್ ನನ್ನ ಪರ್ಸಿನಲ್ಲೇ ಇತ್ತು. ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿದೆ, ಹೇಗೆ ಲೋಡ್ ಮಾಡುವುದು ಅಂತ ಹೇಳಿದೆ, ಹೆಸರು ಕೆಜಿ ಅಂತ ಹೇಳಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಅಕ್ಕಾರ, ಕೆಜಿ ಹೊಡೆದೆ, ತೂಕ ಬರವಲ್ದು." ಪಾಪ, ಕಾಸ್ಟಿಂಗಿನ ತೂಕ ಎಷ್ಟು ಕೆಜಿ ಅಂತ ಹೇಳುವ ಕಮಾಂಡ್ ಅಂದುಕೊಂಡಿದ್ದ. ಅವನದೇನು ತಪ್ಪು? ಫೌಂಡ್ರಿಯಲ್ಲಿ ಕೆಜಿ ಅಂದರೆ ಯಾರಿಗಾದರೂ ತೂಕವೇ ನೆನಪಾಗುತ್ತದೆ.

ಆ ವಾರವೇ ಬಂದು ಅದನ್ನು ಮೆನುವಿಗೆ ಹಾಕಲು ಕೂತೆ. ಕಮಾಂಡ್ ಲೈನಿನಲ್ಲಿ ಟೈಪ್ ಮಾಡುವ ಹೆಸರು ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಮೆನುವಿನಲ್ಲಿ ಇರುವುದು ಗೊತ್ತಿಲ್ಲದವರ ಕಣ್ಣಿಗೂ ಬೀಳುತ್ತದೆ. ಅದೊಂದೇ ವ್ಯತ್ಯಾಸ, ಆದರೆ ಅದು ಚಿಕ್ಕ ವ್ಯತ್ಯಾಸ ಅಲ್ಲ.

ಈಗ ಲ್ಯಾಪ್‌ಟಾಪ್ ತೆಗೆಯೋಣ. ಮೆನುವಿನ ಒಂದು ಐಟಂ ಹಿಂದೆ ಇರುವುದು ಒಂದು ಸಾಲಿನ ಮ್ಯಾಕ್ರೊ. ನೀವು ಕೀಬೋರ್ಡಿನಲ್ಲಿ ಏನು ಒತ್ತುತ್ತಿದ್ದಿರೋ ಅದನ್ನೇ ಸಾಲಾಗಿ ಬರೆದಿಟ್ಟದ್ದು, ಅಷ್ಟೇ. ಲೇಯರ್ ಅಂದರೆ ಡ್ರಾಯಿಂಗಿನಲ್ಲಿ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ. ಸೆಂಟರ್‌ಲೈನ್ ಲೇಯರಿಗೆ ಹೋಗುವ ಮ್ಯಾಕ್ರೊ ಹೀಗಿರುತ್ತದೆ:

^ಸಿ^ಸಿ-ಲೇಯರ್;ಎಂ;ಸೆಂಟರ್;;

ಒಂದೊಂದೇ ಬಿಡಿಸೋಣ. ಟೋಪಿ ಚಿಹ್ನೆ ಮತ್ತು ಸಿ ಅಂದರೆ ಎಸ್ಕೇಪ್ ಒತ್ತಿದ ಹಾಗೆ. ಎರಡು ಸಲ ಯಾಕೆ? ಆಗ ನೀವು ಯಾವುದೋ ಕಮಾಂಡಿನ ಮಧ್ಯೆ ಇರಬಹುದು, ಅದರೊಳಗಿನ ಇನ್ನೊಂದು ಪ್ರಶ್ನೆಯಲ್ಲಿ ಸಿಕ್ಕಿಕೊಂಡಿರಬಹುದು, ಒಂದು ಎಸ್ಕೇಪ್ ಒಳಗಿನದರಿಂದ ಹೊರಗೆ ತರುತ್ತದೆ, ಇನ್ನೊಂದು ಪೂರ್ತಿ ಹೊರಗೆ ತರುತ್ತದೆ. ಲೇಯರ್ ಹಿಂದಿನ ಅಡ್ಡಗೆರೆ, ಡೈಲಾಗ್ ಡಬ್ಬಿ ತೆರೆಯಬೇಡ, ಪ್ರಶ್ನೆಗಳನ್ನು ಕಮಾಂಡ್ ಲೈನಿನಲ್ಲೇ ಕೇಳು ಅನ್ನುವುದಕ್ಕೆ. ಅದನ್ನು ಹಾಕದಿದ್ದರೆ ಲೇಯರ್ ಪಟ್ಟಿಯ ಕಿಟಕಿ ತೆರೆದುಕೊಂಡು ನಿಮ್ಮ ಮ್ಯಾಕ್ರೊ ಬಾಗಿಲ ಹೊರಗೆ ನಿಂತಿರುತ್ತದೆ. ಎಂ ಅಂದರೆ ಮೇಕ್, ಲೇಯರ್ ಇಲ್ಲದಿದ್ದರೆ ಮಾಡಿ ಅದಕ್ಕೇ ಹೋಗು ಅಂತ. ಸೆಮಿಕೋಲನ್ ಅಂದರೆ ಎಂಟರ್. ಕೊನೆಗೆ ಎರಡು ಸೆಮಿಕೋಲನ್ ಇರುವುದನ್ನು ನೋಡಿ. ಮೊದಲನೆಯದು ಹೆಸರು ಮುಗಿಯಿತು ಅಂತ, ಎರಡನೆಯದು ಲೇಯರ್ ಕಮಾಂಡೇ ಮುಗಿಯಿತು ಅಂತ. ಸ್ಪೇಸ್ ಕೂಡ ಎಂಟರ್ ಆಗುತ್ತದೆ, ಹಾಗಾಗಿ ಮಧ್ಯೆ ಎಲ್ಲೋ ಸುಮ್ನೆ ಬಿದ್ದ ಒಂದು ಸ್ಪೇಸ್ ಇಡೀ ಸಾಲನ್ನು ಹಾಳು ಮಾಡುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ. ನಾನು ಸ್ಪೇಸ್ ಬಳಸುವುದೇ ಇಲ್ಲ, ಎಲ್ಲಾ ಕಡೆ ಸೆಮಿಕೋಲನ್.

ಇನ್ನೂ ಎರಡು ಚಿಹ್ನೆ ಬೇರೆಯವರ ಮ್ಯಾಕ್ರೊಗಳಲ್ಲಿ ಕಾಣುತ್ತೀರಿ. ಕಮಾಂಡಿನ ಮುಂದೆ ಅಂಡರ್‌ಸ್ಕೋರ್ ಇದ್ದರೆ ಜರ್ಮನ್, ಫ್ರೆಂಚ್ ಆವೃತ್ತಿಯಲ್ಲೂ ಇಂಗ್ಲಿಷ್ ಹೆಸರು ನಡೆಯುತ್ತದೆ. ಚುಕ್ಕಿ ಇದ್ದರೆ, ಯಾರಾದರೂ ಆ ಕಮಾಂಡಿನ ಅರ್ಥ ಬದಲಿಸಿಟ್ಟಿದ್ದರೂ ಮೂಲ ಕಮಾಂಡೇ ಓಡುತ್ತದೆ. ಬೆಳಗಾವಿಯಲ್ಲಿ ಜರ್ಮನ್ ಆಟೊಕ್ಯಾಡ್ ಯಾರ ಹತ್ತಿರ ಇದೆ ಅಂತ ಕೇಳಬೇಡಿ, ಹಾಕುವ ಅಭ್ಯಾಸ ಇರಲಿ.

ಇನ್ನು ಬ್ಯಾಕ್‌ಸ್ಲ್ಯಾಶ್. ಇದು ನನ್ನ ಅರ್ಧ ದಿನ ತಿಂದ ಚಿಹ್ನೆ. ಮ್ಯಾಕ್ರೊದಲ್ಲಿ ಬ್ಯಾಕ್‌ಸ್ಲ್ಯಾಶ್ ಅಂದರೆ ನಿಲ್ಲು, ಮೌಸ್ ಹಿಡಿದವರು ಏನಾದರೂ ಕೊಡುವವರೆಗೆ ಕಾಯಿ ಅಂತ. ಒಳ್ಳೆಯ ಸೌಲಭ್ಯ. ಸರ್ಕಲ್ ಕಮಾಂಡ್, ಬ್ಯಾಕ್‌ಸ್ಲ್ಯಾಶ್, 8 ಅಂತ ಬರೆದರೆ ನೀವು ಕ್ಲಿಕ್ ಮಾಡಿದ ಕಡೆ 8ರ ರೇಡಿಯಸ್ಸಿನ ಸರ್ಕಲ್ ಬರುತ್ತದೆ. ನಾನು ಏನು ಮಾಡಿದ್ದೆ ಅಂದರೆ, ಲಿಸ್ಪ್ ಫೈಲನ್ನು ಮ್ಯಾಕ್ರೊದಿಂದಲೇ ಲೋಡ್ ಮಾಡಿಸೋಣ ಅಂತ ಡಿ ಡ್ರೈವಿನ ಪೂರ್ತಿ ದಾರಿಯನ್ನು ವಿಂಡೋಸ್‌ನಲ್ಲಿ ಕಾಣುವ ಹಾಗೇ ಕಾಪಿ ಮಾಡಿ ಅಂಟಿಸಿದ್ದೆ. ಅದರ ತುಂಬಾ ಬ್ಯಾಕ್‌ಸ್ಲ್ಯಾಶ್. ಮೆನು ಒತ್ತಿದರೆ ಆಟೊಕ್ಯಾಡ್ ಸುಮ್ನೆ ನಿಂತುಬಿಡುವುದು. ತಪ್ಪು ಅಂತಲೂ ಹೇಳುವುದಿಲ್ಲ. ಅದು ನನ್ನನ್ನು ಕಾಯುತ್ತಿತ್ತು, ನಾನು ಅದನ್ನು ಕಾಯುತ್ತಿದ್ದೆ. ಫಾರ್ವರ್ಡ್ ಸ್ಲ್ಯಾಶ್ ಹಾಕಿ, ಆಯಿತು. ಲಿಸ್ಪ್ ಫೈಲಿನೊಳಗೂ ದಾರಿ ಬರೆಯುವಾಗ ಅದೇ ಹಾಕಿ.

ಮೆನು ಮಾಡುವುದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ಹಿಂದೆ ಮೆನು ಒಂದು ಟೆಕ್ಸ್ಟ್ ಫೈಲ್ ಆಗಿತ್ತು, ನೋಟ್‌ಪ್ಯಾಡ್‌ನಲ್ಲಿ ತಿದ್ದುತ್ತಿದ್ದರು. 2006ರ ಆವೃತ್ತಿಯಿಂದ ಸಿಯುಐ ಅನ್ನುವ ಕಿಟಕಿ ಬಂತು, 2010ರಿಂದ ಫೈಲಿನ ಬಾಲಕ್ಕೆ ಒಂದು ಎಕ್ಸ್ ಸೇರಿ ಸಿಯುಐಎಕ್ಸ್ ಆಯಿತು. ಸಿಯುಐ ಅಂತ ಟೈಪ್ ಮಾಡಿ. ಕೆಳಗಿನ ಕಮಾಂಡ್ ಪಟ್ಟಿಯಲ್ಲಿ ಹೊಸದೊಂದು ಮಾಡಿ, ಹೆಸರು ಕೊಡಿ, ಮ್ಯಾಕ್ರೊ ಬರೆಯಿರಿ, ಮೇಲಿನ ಮೆನುವಿಗೆ ಎಳೆದು ಬಿಡಿ. ಇಷ್ಟು ಮಾಡಿ ಓಕೆ ಒತ್ತಿ ನೋಡಿದರೆ ಮೆನುವೇ ಕಾಣುವುದಿಲ್ಲ! ಈಗಿನ ಆಟೊಕ್ಯಾಡ್ ರಿಬ್ಬನ್ ಅನ್ನುವ ಬಟನ್ ಪಟ್ಟಿಯ ಜೊತೆ ತೆರೆಯುತ್ತದೆ, ಹಳೆಯ ಮೆನು ಸಾಲು ಮುಚ್ಚಿರುತ್ತದೆ. ಮೆನುಬಾರ್ ಅಂತ ಟೈಪ್ ಮಾಡಿ 1 ಕೊಡಿ. ಆಗಲೂ ಬರದಿದ್ದರೆ ನಿಮ್ಮ ವರ್ಕ್‌ಸ್ಪೇಸ್‌ನಲ್ಲಿ ಆ ಮೆನು ಸೇರಿದೆಯಾ ನೋಡಿ.

ಇಲ್ಲಿ ಒಂದು ಕಡೆ ಮಾತ್ರ ನಿಧಾನ ಮಾಡಿ. ಆಟೊಕ್ಯಾಡ್ ಜೊತೆ ಬಂದ ಮುಖ್ಯ ಫೈಲಿನೊಳಗೆ ನಿಮ್ಮ ಮೆನು ತುರುಕಬೇಡಿ. ಬೇರೆಯದೇ ಒಂದು ಫೈಲ್ ಮಾಡಿ, ಅದನ್ನು ಸಿಯುಐಲೋಡ್ ಅಂತ ಪಕ್ಕಕ್ಕೆ ಸೇರಿಸಿ. ಯಾಕಂದರೆ ಯಾರೋ ಒಂದು ದಿನ ರೀಸೆಟ್ ಒತ್ತುತ್ತಾರೆ, ಇಲ್ಲಾ ಹೊಸ ಆವೃತ್ತಿ ಹಾಕುತ್ತಾರೆ, ಆಗ ಮುಖ್ಯ ಫೈಲ್ ಹೊಸದಾಗುತ್ತದೆ, ನಿಮ್ಮದು ಹೋಗುತ್ತದೆ. ಬೇರೆ ಫೈಲಿನದು ಇನ್ನೊಂದು ಲಾಭ ಇದೆ. ಅದೇ ಹೆಸರಿನ ಎಂಎನ್‌ಎಲ್ ಫೈಲ್ ಒಂದನ್ನು ಪಕ್ಕದಲ್ಲಿಟ್ಟರೆ, ಮೆನು ಲೋಡ್ ಆದಾಗ ಅದರೊಳಗಿನ ಲಿಸ್ಪ್ ತಾನಾಗೇ ಲೋಡ್ ಆಗುತ್ತದೆ. ಪೆನ್‌ಡ್ರೈವ್ ಬೇಡ, ಆ್ಯಪ್‌ಲೋಡ್ ಬೇಡ. ಐದಾರು ಮಷಿನ್ ಇರುವ ಆಫೀಸಾದರೆ ಆ ಫೋಲ್ಡರ್ ಸರ್ವರಿನಲ್ಲಿಟ್ಟು, ಆಪ್ಷನ್ಸ್‌ನಲ್ಲಿ ಎಂಟರ್‌ಪ್ರೈಸ್ ಫೈಲ್ ಅಂತ ತೋರಿಸಿದರೆ ಎಲ್ಲರಿಗೂ ಒಂದೇ ಮೆನು, ಯಾರೂ ತಿದ್ದಲು ಬರುವುದಿಲ್ಲ.

2014ರ ಆವೃತ್ತಿಯಿಂದ ಆಟೊಕ್ಯಾಡ್, ನಂಬಿಕೆಯ ಫೋಲ್ಡರ್ ಅಂತ ನೀವು ಹೇಳದ ಕಡೆಯಿಂದ ಲಿಸ್ಪ್ ಲೋಡ್ ಮಾಡುವಾಗ ಕೇಳುತ್ತದೆ. ಕಿರಿಕಿರಿ ಅಂತ ಅದನ್ನು ಬಂದ್ ಮಾಡಿ ಕೂರಬೇಡಿ. ಲಿಸ್ಪ್‌ನಲ್ಲಿ ಬರೆದ ವೈರಸ್‌ಗಳು ನಿಜವಾಗಿಯೂ ಇದ್ದವು. ಡ್ರಾಯಿಂಗ್ ಇರುವ ಫೋಲ್ಡರಿನಲ್ಲಿ ಅಕ್ಯಾಡ್ ಡಾಟ್ ಎಲ್‌ಎಸ್‌ಪಿ ಅಂತ ಕೂತು, ಆ ಫೋಲ್ಡರಿನಿಂದ ಈ ಫೋಲ್ಡರಿಗೆ ಹರಡುತ್ತಿದ್ದವು. ನಿಮ್ಮ ಮೆನುವಿನ ಫೋಲ್ಡರ್ ಒಂದನ್ನೇ ನಂಬಿಕೆಯ ಪಟ್ಟಿಗೆ ಸೇರಿಸಿ.

ಹೀಗೆ ಕೆಜಿ ಮೆನುವಿಗೆ ಬಂತು. ಎಲ್ಲರೂ ಖುಷಿ. ನಾನೂ ಕುಂದಾ ತಂದು ಹಂಚಿದೆ. ಆಮೇಲೆ ಒಂದು ತಿಂಗಳಿಗೆ ಅದೇ ಕಮಾಂಡ್ ನನ್ನ ಮಾನ ಕಳೆಯಿತು.

ಒಂದು ಪಂಪ್ ಬಾಡಿಯ ಪ್ಯಾಟರ್ನ್. ಫ್ಲೇಂಜ್ 600. ನಮ್ಮ ಹುಡುಗ ಫೈಲ್ ತೆರೆದ, ಮೆನುವಿನಿಂದ ಕಮಾಂಡ್ ಒತ್ತಿದ, ರೌಟರಿಗೆ ಕಳಿಸಿದ. ಮರ ಕಟ್ ಆಗಿ ಬಂತು. ಪ್ಯಾಟರ್ನ್ ನೋಡಿಕೊಳ್ಳುವ ಕಾಕಾ ಒಬ್ಬರಿದ್ದಾರೆ, ವಯಸ್ಸಾದವರು, ಕಂಪ್ಯೂಟರ್ ಮುಟ್ಟಿದವರಲ್ಲ. ಅವರು ಯಾವುದನ್ನೂ ಕಾಂಟ್ರಾಕ್ಷನ್ ಸ್ಕೇಲ್ ಇಟ್ಟು ನೋಡದೆ ಮೋಲ್ಡಿಂಗಿಗೆ ಬಿಡುವುದಿಲ್ಲ. ಸ್ಕೇಲ್ ಹಿಡಿದುಕೊಂಡೇ ಆಫೀಸಿಗೆ ಬಂದರು. "ತಂಗಿ, ನನ್ನ ಪಟ್ಟಿ 600 ಅನ್ನಬೇಕು. 606 ಅನ್ನಾಕತ್ತೈತಿ. ಪಟ್ಟಿ ಕೆಟ್ಟೈತೋ ನಿಮ್ಮ ಕಂಪ್ಯೂಟರ್ ಕೆಟ್ಟೈತೋ ನೀನ ನೋಡು."

ಪಟ್ಟಿ ಕೆಟ್ಟಿರಲಿಲ್ಲ. ಮರ ಸಾದಾ ಸ್ಕೇಲಿನಲ್ಲಿ 612ರ ಮೇಲೆ ಒಂದು ಕೂದಲೆಳೆ ಇತ್ತು. ನೀವೇ ಲೆಕ್ಕ ಹಾಕಿ. 600ಕ್ಕೆ 1.01, ಅದಕ್ಕೆ ಮತ್ತೆ 1.01, ಆಗುವುದು 612.06. ಶ್ರಿಂಕೇಜ್ ಎರಡು ಸಲ ಸೇರಿತ್ತು.

ಹುಡುಗ ಒಂದೇ ಸಲ ಒತ್ತಿದ್ದೇನೆ ಅಂತ ಆಣೆ ಮಾಡಿದ. ಅವನು ಸುಳ್ಳು ಹೇಳಲಿಲ್ಲ. ಮೆನು ಒಂದೇ ಸಲ ಒತ್ತಿದ್ದ. ಆಮೇಲೆ ಏನಾಯಿತು ಅಂದರೆ, ತೆರೆಯ ಮೇಲೆ ಏನೂ ಬದಲಾದ ಹಾಗೆ ಕಾಣಲಿಲ್ಲ. ನೂರಕ್ಕೆ ಒಂದರಷ್ಟು ದೊಡ್ಡದಾದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ನನ್ನ ಲಿಸ್ಪ್ ಕೂಡ ಕೆಲಸ ಮುಗಿಯಿತು ಅಂತ ಒಂದು ಮಾತು ಹೇಳುತ್ತಿರಲಿಲ್ಲ, ಯಾಕಂದರೆ ಕಮಾಂಡ್ ಲೈನ್ ಚೊಕ್ಕಟವಾಗಿರಲಿ ಅಂತ ನಾನೇ ಎಲ್ಲಾ ಮೆಸೇಜ್ ಬಾಯಿ ಮುಚ್ಚಿಸಿದ್ದೆ. ಅವನು ಏನೋ ಬಾಕಿ ಇರಬೇಕು ಅಂದುಕೊಂಡು ಸ್ಪೇಸ್‌ಬಾರ್ ಒತ್ತಿದ. ಆಟೊಕ್ಯಾಡ್‌ನಲ್ಲಿ ಖಾಲಿ ಇದ್ದಾಗ ಸ್ಪೇಸ್‌ಬಾರ್ ಒತ್ತಿದರೆ ಏನಾಗುತ್ತದೆ? ಹಾಂ, ಹಿಂದಿನ ಕಮಾಂಡ್ ಮತ್ತೊಮ್ಮೆ. ನಮಗೆಲ್ಲಾ ದಿನಕ್ಕೆ ಸಾವಿರ ಸಲ ಉಪಯೋಗಕ್ಕೆ ಬರುವ ಅಭ್ಯಾಸ ಅದು. ನನ್ನ ಕಮಾಂಡ್ ಯಾವ ಪ್ರಶ್ನೆಯನ್ನೂ ಕೇಳದೆ ಮತ್ತೊಮ್ಮೆ ಓಡಿತು.

ಪುಣ್ಯಕ್ಕೆ ಮರದಲ್ಲೇ ಸಿಕ್ಕಿತು, ಲೋಹ ಹೊಯ್ದಿರಲಿಲ್ಲ. ಆದರೂ ಮರ ಹೋಯಿತು, ಮಷಿನ್ ಟೈಮ್ ಹೋಯಿತು, ಬೈಗುಳ ಹುಡುಗನಿಗೆ ಬಿತ್ತು. ನನಗೆ ಬೀಳಬೇಕಿತ್ತು. ನಾನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಿಸುವಾಗ ಇದು ಯಾವತ್ತೂ ಆಗಿರಲಿಲ್ಲ, ಯಾಕಂದರೆ ಬರೆದವಳು ನಾನೇ, ಸ್ಪೇಸ್ ಒತ್ತಬಾರದು ಅಂತ ನನಗೆ ಗೊತ್ತಿತ್ತು. ಮೆನುವಿಗೆ ಹಾಕಿದ ಮೇಲೆ ಅದು ಗೊತ್ತಿಲ್ಲದವರ ಕೈಗೆ ಹೋಯಿತು. ಗೊತ್ತಿಲ್ಲದವರ ಕೈಗೆ ಹೋಗಲಿ ಅಂತಲೇ ಅಲ್ವಾ ಹಾಕಿದ್ದು?

ಆಮೇಲೆ ಮಾಡಿದ ರಿಪೇರಿ ಹೇಳುತ್ತೇನೆ, ಇದನ್ನು ಬರೆದುಕೊಳ್ಳಿ. ಕಮಾಂಡ್ ಶುರುವಾದ ತಕ್ಷಣ ಈ ಡ್ರಾಯಿಂಗಿನಲ್ಲಿ ಶ್ರಿಂಕೇಜ್ ಅನ್ನುವ ಹೆಸರಿನ ಲೇಯರ್ ಇದೆಯಾ ಅಂತ ನೋಡುತ್ತದೆ. ಲಿಸ್ಪ್‌ನಲ್ಲಿ ಟೇಬಲ್‌ಸರ್ಚ್ ಅಂತ ಒಂದು ಕೆಲಸಗಾರ ಇದ್ದಾನೆ, ಸ್ಪೆಲ್ಲಿಂಗ್ ಟಿಬಿಎಲ್‌ಸರ್ಚ್, ಲೇಯರ್ ಇಲ್ಲದಿದ್ದರೆ ನಿಲ್ ಅಂತ ಹೇಳುತ್ತಾನೆ. ಇದ್ದರೆ, ಆಗಲೇ ಸೇರಿಸಿದೆ ಅಂತ ಹೇಳಿ ಕಮಾಂಡ್ ನಿಲ್ಲುತ್ತದೆ. ಇಲ್ಲದಿದ್ದರೆ ಸ್ಕೇಲ್ ಮಾಡಿ, ಆ ಲೇಯರ್ ಮಾಡಿ, ಅದರ ಮೇಲೆ ಒಂದು ಟೆಕ್ಸ್ಟ್ ಬರೆಯುತ್ತದೆ. ಟೆಕ್ಸ್ಟ್ ಯಾಕೆ, ಖಾಲಿ ಲೇಯರ್ ಸಾಕಲ್ವಾ ಅಂದರೆ, ಪರ್ಜ್, ಅಂದರೆ ಬಳಸದೇ ಇರುವುದನ್ನೆಲ್ಲಾ ಅಳಿಸುವ ಕಮಾಂಡ್, ಕೊಟ್ಟರೆ ಖಾಲಿ ಲೇಯರ್ ಹೋಗಿಬಿಡುತ್ತದೆ. ನಮ್ಮಲ್ಲಿ ಫೈಲ್ ಕಳಿಸುವ ಮೊದಲು ಪರ್ಜ್ ಮಾಡುವುದು ಕೈ ತೊಳೆದುಕೊಂಡ ಹಾಗೆ. ಟೆಕ್ಸ್ಟ್ ಕೂತಿದ್ದರೆ ಲೇಯರ್ ಅಲ್ಲಾಡುವುದಿಲ್ಲ. ಇದೆಲ್ಲವನ್ನೂ ಅಂಡೂ ಬಿಗಿನ್, ಅಂಡೂ ಎಂಡ್ ಮಧ್ಯೆ ಕಟ್ಟಿದ್ದೇನೆ. ಒಂದು ಸಲ ಯು ಒತ್ತಿದರೆ ಸ್ಕೇಲ್, ಲೇಯರ್, ಟೆಕ್ಸ್ಟ್ ಮೂರೂ ಒಟ್ಟಿಗೆ ಹಿಂದೆ ಹೋಗುತ್ತವೆ. ಇಲ್ಲದಿದ್ದರೆ ಸ್ಕೇಲ್ ಹಿಂದೆ ಹೋಗಿ ಗುರುತು ಉಳಿದು, ಇನ್ನೊಂದು ಥರದ ಸುಳ್ಳು ಶುರುವಾಗುತ್ತಿತ್ತು.

ಆ ಟೆಕ್ಸ್ಟ್‌ನಲ್ಲಿ ಏನು ಬರೆಯುವುದು ಅನ್ನುವುದನ್ನು ಕಾಕಾನೇ ಹೇಳಿದರು. ನಾನು ಶ್ರಿಂಕೇಜ್ 1.01 ಅಂತಷ್ಟೇ ಬರೆದಿದ್ದೆ. ಅವರು ಕೇಳಿದ್ದು, ಈ ಪ್ರಿಂಟ್ ಕೈಕೆಲಸದವನ ಬೆಂಚಿಗೆ ಬಂತು ಅಂದರೆ ಅವನು ಯಾವ ಪಟ್ಟಿ ಹಿಡಿಯಬೇಕು? ನನಗೆ ಹೊಳೆದೇ ಇರಲಿಲ್ಲ. ಸ್ಕೇಲ್ ಆದ ಡ್ರಾಯಿಂಗಿನಲ್ಲಿ ಡೈಮೆನ್ಷನ್ ಕೂಡ ಬದಲಾಗಿ 606 ಅಂತ ತೋರಿಸುತ್ತದೆ. ಅವನು ಅಭ್ಯಾಸದಂತೆ ಕಾಂಟ್ರಾಕ್ಷನ್ ಸ್ಕೇಲಿನಲ್ಲಿ 606 ಅಳೆದರೆ, ಮತ್ತೆ ಅದೇ 612. ಸ್ಪೇಸ್‌ಬಾರ್ ಇಲ್ಲದೇನೇ ಎರಡು ಸಲ ಆಯಿತು! ಈಗ ಆ ಟೆಕ್ಸ್ಟ್ ಹೇಳುವುದು: ಶ್ರಿಂಕೇಜ್ ಸೇರಿದೆ, ಸಾದಾ ಸ್ಕೇಲ್ ಬಳಸಿ. ಟೈಟಲ್ ಬ್ಲಾಕಿನ ಮೇಲೆ, ದೊಡ್ಡದಾಗಿ.

ಇನ್ನೊಂದು ಸಣ್ಣ ರೋಗ ಇದೆ, ಸ್ಕ್ರಿಪ್ಟ್ ಬರೆಯುವ ಪ್ರತಿಯೊಬ್ಬರಿಗೂ ಬರುತ್ತದೆ. ಲಿಸ್ಪ್ ಒಳಗಿಂದ ಪಾಯಿಂಟ್ ಕೊಡುವಾಗ ಆಬ್ಜೆಕ್ಟ್ ಸ್ನ್ಯಾಪ್ ಆನ್ ಇದ್ದರೆ, ನೀವು ಕೊಟ್ಟ ಜಾಗ ಬಿಟ್ಟು ಪಕ್ಕದ ಗೆರೆಯ ತುದಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಎಲ್ಲರೂ ಆಸ್‌ಮೋಡ್ ಅನ್ನುವ ಸ್ನ್ಯಾಪ್ ಸೆಟ್ಟಿಂಗನ್ನು ಸೊನ್ನೆ ಮಾಡಿ, ಕೊನೆಗೆ ಮೊದಲಿದ್ದದ್ದನ್ನು ವಾಪಸ್ ಇಡುತ್ತಾರೆ. ಸರಿ. ಆದರೆ ಮಧ್ಯೆ ಯಾರಾದರೂ ಎಸ್ಕೇಪ್ ಒತ್ತಿದರೆ ಕೊನೆಯ ಸಾಲಿಗೆ ಬರುವುದೇ ಇಲ್ಲ, ಸ್ನ್ಯಾಪ್ ಬಂದ್ ಆಗಿಯೇ ಉಳಿಯುತ್ತದೆ. ಮರುದಿನ ಯಾರೋ "ನನ್ನ ಸ್ನ್ಯಾಪ್ ಯಾರು ತೆಗೆದರು" ಅಂತ ಕೂಗಾಡುತ್ತಾರೆ. ಎರರ್ ಅನ್ನುವ ಫಂಕ್ಷನ್ ಬರೆದು, ಅದರೊಳಗೂ ವಾಪಸ್ ಇಡುವ ಸಾಲು ಹಾಕಿ. ಇಲ್ಲಾ ಪಾಯಿಂಟ್ ಮುಂದೆ ನಾನ್ ಅಂತ ಬರೆದು ಆಸ್‌ಮೋಡ್ ಮುಟ್ಟದೇ ಇರಿ, ನನಗೆ ಅದೇ ಇಷ್ಟ.

ಹೆಸರನ್ನೂ ಬದಲಿಸಿದೆ. ಕೆಜಿ ಹೋಯಿತು. ಈಗ ಮೆನುವಿನಲ್ಲಿ ಪ್ಯಾಟರ್ನ್ ಅನ್ನುವ ತಲೆಬರಹದ ಕೆಳಗೆ ಮೂರು ಸಾಲು, ಶ್ರಿಂಕೇಜ್ ಬೀಡು, ಶ್ರಿಂಕೇಜ್ ಉಕ್ಕು, ಶ್ರಿಂಕೇಜ್ ಅಲ್ಯೂಮಿನಿಯಂ. ಅಕ್ಷರ ಇಂಗ್ಲಿಷಿನದು, ಶಬ್ದ ನಮ್ಮವು. ಮೂರಕ್ಕೂ ಲಿಸ್ಪ್ ಒಂದೇ. ಮ್ಯಾಕ್ರೊದಲ್ಲಿ ಬ್ರಾಕೆಟ್ ಒಳಗೆ ಫಂಕ್ಷನ್ ಹೆಸರು, ಮುಂದೆ 1.01 ಅಥವಾ 1.02 ಅಥವಾ 1.013 ಅಂತ ಅಂಕಿ ಕೊಟ್ಟರೆ ಸಾಕು. ಮೂರು ಲಿಸ್ಪ್ ಬರೆದು ಮೂರು ಕಡೆ ತಿದ್ದುವ ಕೆಲಸ ತಪ್ಪಿತು.

ಇಲ್ಲಿ ಕೂತವರಲ್ಲಿ ಓದುತ್ತಿರುವವರು ಜಾಸ್ತಿ, ಆಟೊಕ್ಯಾಡ್ ಮನೆಯಲ್ಲಿ ಇರುವುದಿಲ್ಲ. ಫ್ರೀಕ್ಯಾಡ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. 1.0 ಆವೃತ್ತಿ 2024ರ ನವೆಂಬರಿನಲ್ಲಿ ಬಂತು. ಅಲ್ಲಿ ಲಿಸ್ಪ್ ಬದಲು ಪೈಥಾನ್ ಭಾಷೆ. ಕಲಿಯಲು ಇನ್ನೂ ಸುಲಭ ದಾರಿ ಇದೆ. ಮ್ಯಾಕ್ರೊ ರೆಕಾರ್ಡ್ ಒತ್ತಿ, ಕೈಯಿಂದ ಒಂದು ಸಲ ಕೆಲಸ ಮಾಡಿ, ನಿಲ್ಲಿಸಿ. ನೀವು ಮಾಡಿದ್ದನ್ನೆಲ್ಲಾ ಅದೇ ಪೈಥಾನ್‌ನಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ ಕ್ಯಾಮೆರಾ ತಿರುಗಿಸಿದ್ದು, ಝೂಮ್ ಮಾಡಿದ್ದು ಎಲ್ಲಾ ಕಸ ಇರುತ್ತದೆ, ಅಳಿಸಿ. ಆಮೇಲೆ ಟೂಲ್ಸ್ ಮೆನುವಿನ ಕಸ್ಟಮೈಸ್, ಅದರಲ್ಲಿ ಮ್ಯಾಕ್ರೋಸ್ ಟ್ಯಾಬ್. ಫೈಲ್ ಆರಿಸಿ, ಹೆಸರು ಕೊಡಿ, ಐಕಾನ್ ಕೊಡಿ, ಆ್ಯಡ್ ಒತ್ತಿ. ಹೆಸರು ಕನ್ನಡದಲ್ಲೇ ಟೈಪ್ ಮಾಡಿ, ಚೆನ್ನಾಗಿ ಕಾಣುತ್ತದೆ. ಇಷ್ಟಕ್ಕೇ ಬಟನ್ ಬರುವುದಿಲ್ಲ. ಪಕ್ಕದ ಟೂಲ್‌ಬಾರ್ ಟ್ಯಾಬಿಗೆ ಹೋಗಿ ಹೊಸ ಟೂಲ್‌ಬಾರ್ ಮಾಡಿ ಅದಕ್ಕೆ ಸೇರಿಸಬೇಕು. ಇದನ್ನು ಮರೆತು ಕಾಣಲಿಲ್ಲ ಅಂತ ಹುಡುಕುವವರು ಬಹಳ. ಬಟನ್ ಬೇಡ, ಮೇಲಿನ ಮೆನುವಿನಲ್ಲೇ ಬೇಕು ಅಂದರೆ ಒಂದು ಪುಟ್ಟ ವರ್ಕ್‌ಬೆಂಚ್ ಬರೆದು ಅದರಲ್ಲಿ ಅಪೆಂಡ್‌ಮೆನು ಅಂತ ಕರೆಯಬೇಕು. ಅದು ಇವತ್ತಿನ ಹೊತ್ತಿಗೆ ಆಗುವುದಿಲ್ಲ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಬರೆಯುತ್ತೇನೆ. ಒಬ್ಬ ಹುಡುಗ ಕೇಳಿದ, "ಮೇಡಂ, ನಮ್ಮ ಕಡೆ ಎಲ್‌ಟಿ ಐತ್ರಿ, ಲಿಸ್ಪ್ ನಡಿಯೂದಿಲ್ಲ, ಏನ್ ಮಾಡೂದು?" ಎಲ್‌ಟಿ ಅಂದರೆ ಆಟೊಕ್ಯಾಡಿನ ಕಡಿಮೆ ಸೌಲಭ್ಯದ ರೂಪ. ಅದರ 2024ರ ಆವೃತ್ತಿಯಿಂದ ಲಿಸ್ಪ್ ನಡೆಯುತ್ತದೆ. ಹಳೆಯದಾದರೆ ಮ್ಯಾಕ್ರೊ ಒಂದೇ ಗತಿ. ಸ್ಕೇಲ್, ಆಲ್, ಎರಡು ಸೆಮಿಕೋಲನ್, 0,0, ಸೆಮಿಕೋಲನ್, 1.01 ಅಂತ ಬರೆದರೆ ಕೆಲಸ ಆಗುತ್ತದೆ. ಆದರೆ ಆಗಲೇ ಸೇರಿದೆಯಾ ಅಂತ ಕೇಳುವ ಬುದ್ಧಿ ಅದಕ್ಕೆ ಇರುವುದಿಲ್ಲ. ಅದೇ ಮ್ಯಾಕ್ರೊದ ಬಾಲಕ್ಕೆ ಟೆಕ್ಸ್ಟ್ ಬರೆಯುವ ಸಾಲನ್ನಾದರೂ ಸೇರಿಸಿ. ಎರಡು ಸಲ ಒತ್ತಿದರೆ ಟೆಕ್ಸ್ಟ್ ಎರಡು ಬೀಳುತ್ತದೆ, ಒಂದರ ಮೇಲೊಂದು ಸ್ವಲ್ಪ ಸರಿದು ದಪ್ಪಗೆ ಕಾಣುತ್ತದೆ, ಅಷ್ಟಾದರೂ ಅನುಮಾನ ಬರಲಿ.

ಇನ್ನೊಬ್ಬಳು, ಈಗ ಎಐ ಕೇಳಿದರೆ ಲಿಸ್ಪ್ ಬರೆದು ಕೊಡುತ್ತದಲ್ಲ, ನಾವು ಯಾಕೆ ಕಲಿಯಬೇಕು ಅಂದಳು. ಬರೆಸಿಕೊಳ್ಳಿ, ನಾನೂ ಬರೆಸುತ್ತೇನೆ. ಬ್ರಾಕೆಟ್ ಲೆಕ್ಕ ನನಗಿಂತ ಚೆನ್ನಾಗಿ ಇಡುತ್ತದೆ. ಆದರೆ ಅದನ್ನು ಮೆನುವಿಗೆ ಹಾಕುವ ಮೊದಲು ಖಾಲಿ ಡ್ರಾಯಿಂಗಿನಲ್ಲಿ 100ರ ಚೌಕ ಬರೆಯಿರಿ. ಕಮಾಂಡ್ ಓಡಿಸಿ, ಅಳೆಯಿರಿ, 101 ಬರಬೇಕು. ಈಗ ಸ್ಪೇಸ್‌ಬಾರ್ ಒತ್ತಿ, ಮತ್ತೆ ಅಳೆಯಿರಿ. ಮಧ್ಯೆ ಎಸ್ಕೇಪ್ ಒತ್ತಿ ನೋಡಿ. ಅಂಡೂ ಮಾಡಿ ನೋಡಿ. ಪರ್ಜ್ ಮಾಡಿ ಮತ್ತೆ ಓಡಿಸಿ. ನಾನು ಇದನ್ನು ಮರ ಹೋದ ಮೇಲೆ ಮಾಡಿದೆ, ನೀವು ಮೊದಲೇ ಮಾಡಿ.

ಹಾಂ, ಒಂದು ಹೇಳುವುದು ಬಿಟ್ಟೆ. ಹೊಸ ಮೆನು ಮಾಡಿದ ಮೇಲೆ ಕಾಕಾನನ್ನು ಕರೆದು ತೋರಿಸಿದ್ದೆ. ಚಹಾ ಕುಡಿಯುತ್ತಾ ನಿಂತು, ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲು ಓದಿಸಿಕೊಂಡರು. ಬೀಡು, ಉಕ್ಕು, ಅಲ್ಯೂಮಿನಿಯಂ. "ಎಲ್ಲಾ ಛಲೋ ಐತಿ," ಅಂದರು. "ಹಿತ್ತಾಳಿ ಎಲ್ಲೈತಿ?" ನಾವು ವರ್ಷಕ್ಕೆ ಮೂರೋ ನಾಲ್ಕೋ ಹಿತ್ತಾಳೆ ಬುಷ್ ಮಾಡುತ್ತೇವೆ, ನನಗೆ ನೆನಪೇ ಇರಲಿಲ್ಲ. ಎಷ್ಟು ಹಾಕಲಿ ಕಾಕಾ ಅಂದೆ. ನೂರಕ್ಕೆ ಒಂದೂವರೆ ಹಾಕು ಅಂದರು. ಸಿಯುಐ ತೆರೆದು, ಬೀಡಿನ ಸಾಲನ್ನು ಕಾಪಿ ಮಾಡಿ, ಹೆಸರು ತಿದ್ದಿ, 1.015 ಹಾಕಿದೆ. ಅವರ ಚಹಾ ಇನ್ನೂ ಮುಗಿದಿರಲಿಲ್ಲ.